ನಿತ್ಯಲೆಕ್ಕಾಭ್ಯಾಸ ಮೀಮಾಂಸೆ: ಮಾರಿಕುಪ್ಪಂ–ಬಂಗಾರಪೇಟೆ ರೈಲುಮಾರ್ಗವನ್ನಾಧರಿಸಿದ ಸುಗಮಕಾರಕೇಂದ್ರಿತ ಅಧ್ಯಯನ

ಮಗು ದಿನಾ ಐದು ಲೆಕ್ಕ ಮಾಡಬೇಕು, ಮೇಷ್ಟ್ರು ಅದನ್ನು ನೋಡಬೇಕು. ಪ್ರಾಚೀನರು ಇಷ್ಟನ್ನೇ ನಂಬಿ, ಮಗ್ಗಿ ಒಪ್ಪಿಸಿಕೊಂಡು ತೀರಿಹೋದರು. ಚೌಕಟ್ಟಿಲ್ಲ, ಸೂಚಕವಿಲ್ಲ, ಅನುಪಾಲನಾ ವರದಿಯಂತೂ ಇಲ್ಲವೇ ಇಲ್ಲ. ಈ ಶಾಸ್ತ್ರದಾರಿದ್ರ್ಯವನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಕಲಿಕಾ ಫಲ.

ಮೊದಲು ಪರಿಭಾಷೆ. ಇನ್ನು ಮುಂದೆ ಮೇಷ್ಟ್ರು ಎನ್ನಕೂಡದು, ‘ಸುಗಮಕಾರ’ ಎನ್ನತಕ್ಕದ್ದು. ಲೆಕ್ಕ ಎಂಬುದು ‘ಸಂಖ್ಯಾಧಾರಿತ ಸಾಮರ್ಥ್ಯ ಬಲವರ್ಧನಾ ಚಟುವಟಿಕೆ’. ತಪ್ಪು ಎಂಬುದು ‘ಪರ್ಯಾಯ ಜ್ಞಾನಸಂರಚನೆ’. ಏಳೆಂಟ್ಲೆ ಐವತ್ತನಾಲ್ಕು ಅಂದ ಹುಡುಗನನ್ನು ತಿದ್ದುವ ಮುನ್ನ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಮೆಟ್ಟಿಲು ಹತ್ತಿಸಬೇಕು. ಹತ್ತುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಐವತ್ತನಾಲ್ಕು ಐವತ್ತನಾಲ್ಕಾಗಿಯೇ ಮುಂದಿನ ತರಗತಿಗೆ ಪಾಸಾಗುತ್ತದೆ.

ನಿತ್ಯಾಭ್ಯಾಸ ಐದು ವಿಧ. ಒಂದು, ಕಡತಾಭ್ಯಾಸ: ನಡೆಯಿತೆಂದು ಬರೆದದ್ದರಿಂದಲೇ ನಡೆದದ್ದು. ಎರಡು, ಛಾಯಾಭ್ಯಾಸ: ಗಣಿತದ ಕಿಟ್ ಪೆಟ್ಟಿಗೆಯಿಂದ ಹೊರಬಂದು, ಮಕ್ಕಳು ಸುತ್ತ ಕೂತು, ಫೋಟೊ ವಾಟ್ಸಾಪ್ ಗ್ರೂಪಿಗೆ ಹೋದಮೇಲೆ ಕಿಟ್ ಪೆಟ್ಟಿಗೆಗೆ ವಾಪಸ್ಸು. ಮೂರು, ಸ್ವಯಂ ಸುಗಮಕಾರಾಭ್ಯಾಸ. ನಿಜವಾಗಿ ದಿನಾ ನಡೆಯುವುದು ಇದೊಂದೇ. ಕ್ಷೀರಭಾಗ್ಯದ ಹಾಲಿನ ಪುಡಿ ತಲೆಗೆ 18 ಗ್ರಾಂ, ಹಾಜರಿ 43, ಒಟ್ಟು 774 ಗ್ರಾಂ. ಮೂಟೆಯಲ್ಲಿ ಉಳಿದದ್ದೆಷ್ಟು, ಅಕ್ಕಿ ಎಷ್ಟು, ಬೇಳೆ ಎಷ್ಟು, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಎಷ್ಟು? ಗುಣಾಕಾರ, ವ್ಯವಕಲನಗಳಲ್ಲಿ ನಮ್ಮ ಸುಗಮಕಾರರಷ್ಟು ಪಳಗಿದವರು ಇನ್ನೊಬ್ಬರಿಲ್ಲ. ಇದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಐದನೇ ಕ್ಲಾಸಿನವರ ಕೈಲಿ ಮಾಡಿಸಿದರೆ ಅವತ್ತಿನ ಅಭ್ಯಾಸ ಅಲ್ಲಿಗೇ ಆಯಿತು. ಆದರೆ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ. ನಾಲ್ಕನೆಯದೂ ಐದನೆಯದೂ ಮೊದಲನೆಯದರ ಸಂತಾನವೇ, ಬಿಡಿ.

ಪೂರ್ವಪಕ್ಷ: ‘ಅಭ್ಯಾಸ ಮನೆಯಲ್ಲಾಗಲಿ, ಪೋಷಕರು ಗಮನಿಸಲಿ.’ ತರಬೇತಿಯಲ್ಲಿ ಹೀಗಂದವರು ಬೆಳಗಿನ ಜಾವ ಒಮ್ಮೆ ಮಾರಿಕುಪ್ಪಂ ಸ್ಟೇಷನ್ನಿಗೆ ಬರಬೇಕು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಕೆಜಿಎಫ್‌ನ ದುಡಿಮೆ ರೈಲು ಹತ್ತಿತು. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಸ್ಟೇಷನ್ನಿಗಿಷ್ಟು ಜನ ತುಂಬಿಕೊಂಡು, ಬಂಗಾರಪೇಟೆ ದಾಟಿ ಬೆಂಗಳೂರಿಗೆ. ಅಪ್ಪ ಹೊರಟಾಗ ಮಗು ನಿದ್ದೆಯಲ್ಲಿ, ಬಂದಾಗಲೂ ನಿದ್ದೆಯಲ್ಲಿ. ಅಮ್ಮನೂ ಕೆಲಸಕ್ಕೆ ಹೋಗುವ ಮನೆಯಾದರೆ ಉಳಿದವಳು ಅಜ್ಜಿ. ಆಕೆಯದು ತಮಿಳು, ಲೆಕ್ಕದ ಪುಸ್ತಕದ್ದು ಕನ್ನಡ. ಆ ಪುಸ್ತಕ ಬಿಚ್ಚಿ ನೋಡುವವರು ಯಾರು ಸ್ವಾಮಿ? ಶಾಲೆಯಲ್ಲಿ ಯಾರೂ ನೋಡದಿದ್ದರೆ ಅದನ್ನು ಈ ಭೂಮಿಯ ಮೇಲೆ ಯಾರೂ ನೋಡಿದ ಹಾಗಾಗಲಿಲ್ಲ. ನೋಡುವವರಿಲ್ಲದ ಲೆಕ್ಕವನ್ನು ಮಗು ಎಷ್ಟು ದಿನ ಮಾಡೀತು? ಎರಡನೇ ವಾರಕ್ಕೆ ಪಕ್ಕದವನ ಪುಸ್ತಕದಿಂದ ಉತ್ತರ ಇಳಿಸಿಕೊಳ್ಳುತ್ತದೆ, ಮೂರನೇ ವಾರಕ್ಕೆ ಪುಸ್ತಕವನ್ನೇ ತರುವುದಿಲ್ಲ. ಆಮೇಲೆ ನಾವು ‘ಕಲಿಕಾ ನ್ಯೂನತೆ’ ಎಂದು ಇನ್ನೊಂದು ಪಟ್ಟಿ ಮಾಡಿ ಕಳಿಸುತ್ತೇವೆ.

ಇದೇ ಮಕ್ಕಳ ತಾತಂದಿರು ಇಳಿಯುತ್ತಿದ್ದ ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಮಿಗಿಲು. ಇಡೀ ಭೂಮಿಯನ್ನೇ ತೂರಿಕೊಂಡು ಹೋಗುವ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು 1965ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದ್ದು ಆ ಗಣಿಯೊಳಗೆ. ಅಂಥ ಊರಿನಲ್ಲಿ, ಒಂದು ಹುಡುಗಿ ಭಾಗಾಕಾರದಲ್ಲಿ ಸೊನ್ನೆ ಎಲ್ಲಿ ಬಿಟ್ಟಳೆಂದು ಪತ್ತೆಹಚ್ಚುವುದಕ್ಕೆ ನಮಗೆ ಪುರುಸೊತ್ತಿಲ್ಲ.

ಸಿದ್ಧಾಂತ: ಪುಸ್ತಕವನ್ನು ದಿನಾ ಶಾಲೆಯಲ್ಲೇ ನೋಡಬೇಕು. ಹಾಜರಿ 43. ಪುಸ್ತಕಕ್ಕೆ ಒಂದೇ ನಿಮಿಷ ಎಂದರೂ 43 ನಿಮಿಷ, ಪಿರಿಯಡ್ಡು 40. ಮೂರು ನಿಮಿಷವನ್ನು ಮೇಷ್ಟ್ರು ಊಟದ ಹೊತ್ತಿನಿಂದ ತುಂಬಿಕೊಡುತ್ತಾರೆ, ಅದರ ಚಿಂತೆ ಬೇಡ. 2025ರಲ್ಲಿ ಜಾತಿ ಸಮೀಕ್ಷೆಗೆಂದು ಮೇಷ್ಟ್ರುಗಳನ್ನು ಮನೆಮನೆಗೆ ಅಟ್ಟಿ, ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದವರಿಗೆ ಇನ್ನೊಂದು ಆದೇಶ ಕಷ್ಟವೇನಲ್ಲ: ದಿನದ ಮೊದಲ ಪಿರಿಯಡ್ಡಿನಲ್ಲಿ ಯಾರೂ ಮೇಷ್ಟ್ರನ್ನು ಯಾವ ಮಾಹಿತಿಯನ್ನೂ ಕೇಳಕೂಡದು, ಫೋಟೊವನ್ನೂ.