ವರ್ಷದ ಪ್ಯಾಕೇಜಿನ ಸದಸ್ಯರು

ಬೆಂಗಳೂರಿನ ಯಾವ ಬಡಾವಣೆಯ ಜಿಮ್ಮಿಗೆ ಹೋದರೂ ಇವರೊಬ್ಬರು ಇದ್ದೇ ಇರುತ್ತಾರೆ, ಕನಿಷ್ಠ ರಿಜಿಸ್ಟರಿನಲ್ಲಿ. ವಯಸ್ಸು ನಲವತ್ತರ ಆಸುಪಾಸು, ಕೆಲಸ ಕುರ್ಚಿಯಲ್ಲಿ, ಶುಗರ್ ಬಾರ್ಡರಿನಲ್ಲಿ. ಹೊಸ ವರ್ಷದ ಆಫರ್ ಮುಗಿದುಹೋಗುತ್ತದೆಂದು ಜನವರಿ ಮೊದಲ ವಾರವೇ ದುಡ್ಡು ಕಟ್ಟಿದರು. ಧನುರ್ಮಾಸ ಕಳೆಯಲಿ ಎಂದು ಸಂಕ್ರಾಂತಿ ಆದ ಮೇಲೆ ಕಾಲಿಟ್ಟರು.

ತಿಂಗಳಿಗಾದರೆ 2,000, ವರ್ಷಕ್ಕಾದರೆ 12,000. ಕೌಂಟರಿನ ಹುಡುಗಿ ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಇವರತ್ತ ತಿರುಗಿಸಿದಾಗ ಇವರ ಕಣ್ಣಿಗೆ ಬಿದ್ದದ್ದು ಖರ್ಚಲ್ಲ, ಉಳಿತಾಯ. ಇಂಥ ಲೆಕ್ಕಿಗರು ನಮ್ಮಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಇದ್ದಾರೆ. ಅಲ್ಲಿನ ಮೂರು ಹೆಲ್ತ್ ಕ್ಲಬ್ಬುಗಳ 7,752 ಸದಸ್ಯರ ಹಾಜರಿ ಹಿಡಿದು ಕೂತ ಡೆಲಾವಿನ್ಯ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಜಿಮ್ಮಿಗೆ ಹೋಗದೇ ಇರುವುದಕ್ಕೆ ದುಡ್ಡು ಕೊಡುವವರ ಕುರಿತೆಂದು ತಲೆಬರಹದಲ್ಲೇ ಹೇಳಿಬಿಟ್ಟರು. ಹತ್ತು ಸಲದ ಪಾಸು ಕೊಂಡರೆ ಸಲಕ್ಕೆ 10 ಡಾಲರ್. ತಿಂಗಳ ಶುಲ್ಕ ಕಟ್ಟಿದವರಿಗೆ, ಹೋದ ದಿನಗಳಿಗೆ ಭಾಗಿಸಿ ನೋಡಿದರೆ, ಸಲಕ್ಕೆ 17 ಡಾಲರಿಗೂ ಹೆಚ್ಚು ಬಿದ್ದಿತ್ತು. ಖಂಡಿತ ಹೋಗೇ ಹೋಗ್ತೀವಿ ಅನ್ನುವ ನಂಬಿಕೆಗೆ ತೆತ್ತ ಬೆಲೆ ಅದು.

ನಮ್ಮ ಸದಸ್ಯರನ್ನು ಮೊದಲ ದಿನ ಒಂದು ಯಂತ್ರದ ಮೇಲೆ ಬರಿಗಾಲಲ್ಲಿ ನಿಲ್ಲಿಸಿದರು. 41ರ ಇವರ ದೇಹಕ್ಕೆ 55 ವಯಸ್ಸು ಅಂತ ಅದು ಚೀಟಿ ಕೊಟ್ಟಿತು. ಆ ಚೀಟಿ ಹಿಡಿದು ನಿಂತ ಗಳಿಗೆಯಲ್ಲೇ ಪರ್ಸನಲ್ ಟ್ರೇನರ್ ಪಕ್ಕಕ್ಕೆ ಬಂದ. ವ್ಯಾಪಾರ ಬಲ್ಲವರು ಚೀಟಿ ಕೊಡುವುದೇ ಅದಕ್ಕೆ.

ಹುಡುಗ ದಾವಣಗೆರೆ ಕಡೆಯವನು, ಊರ ಗರಡಿಯಲ್ಲಿ ಸಾಮು ಮಾಡಿದವನು, ಒಳ್ಳೆಯವನು. ಎಣಿಕೆಯೊಂದರಲ್ಲಿ ಮಾತ್ರ ಮೋಸ. "ಇನ್ನೆರಡೇ ಸಾರ್" ಅಂದಮೇಲೆ ಕಡೇಪಕ್ಷ ಆರು ಸಲ ಎತ್ತಿಸುತ್ತಾನೆ. ಅವನನ್ನು ತಡೆಯಲು ಸದಸ್ಯರು ಕಂಡುಕೊಂಡ ಉಪಾಯ ಇತಿಹಾಸ.

"ನೋಡಪ್ಪಾ, ಈ ಟ್ರೆಡ್‌ಮಿಲ್ಲಿನ ಪೂರ್ವಜ ಇದ್ದದ್ದು ಜೈಲಿನಲ್ಲಿ ಗೊತ್ತಾ? 1818ರಲ್ಲಿ ಇಂಗ್ಲೆಂಡಿನ ಕ್ಯೂಬಿಟ್ ಅನ್ನೋ ಇಂಜಿನಿಯರು ಕೈದಿಗಳು ಸುಮ್ಮನೆ ಕೂತಿರಬಾರದು ಅಂತ ತುಳಿಯೋ ಚಕ್ರ ಮಾಡಿಸಿದ."

"ಹೌದಾ ಸಾರ್? ಸ್ಪೀಡು ಐದಕ್ಕೆ ಹಾಕ್ತೀನಿ."

ಆಗ ಕೆ. ವಿ. ಅಯ್ಯರ್ ಬರುತ್ತಾರೆ. 'ಶಾಂತಲಾ', 'ರೂಪದರ್ಶಿ' ಬರೆದ ಅಯ್ಯರ್ ಇದೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ್ದರು, ದೂರದವರಿಗೆ ಅಂಚೆಯಲ್ಲೇ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಅಂಚೆ ಅನ್ನುವಾಗ ಸದಸ್ಯರ ದನಿ ಆಸೆಯಿಂದ ಮೆತ್ತಗಾಗುತ್ತದೆ.

ಶನಿವಾರದ ಜುಂಬಾ ತರಗತಿಯಲ್ಲಿ ಅವರ ಜಾಗ ಕಂಬದ ಹಿಂದೆ, ಕನ್ನಡಿಗೆ ಸಿಗದ ಕಡೆ. ಇಡೀ ಹಾಲು ಬಲಕ್ಕೆ ಹೊರಳಿದಾಗ ಇವರು ಎಡಕ್ಕೆ ಹೊರಳಿ, ಮುಂದಿನ ಸಾಲಿನಲ್ಲಿ ಹಾಡಿಗೊಂದು ಸಲ ಚಪ್ಪಾಳೆ ಹೊಡೆಯುವ ಅಜ್ಜಿಯೊಬ್ಬರಿಗೆ "ಸಾರಿ ಅಮ್ಮಾ" ಅನ್ನುತ್ತಾರೆ. ಕೊಲಂಬಿಯಾದ ಬೆಟೊ ಪೆರೆಸ್ ಒಂದು ದಿನ ಏರೋಬಿಕ್ಸ್ ಕ್ಯಾಸೆಟ್ ಮರೆತು ಬಂದು, ಬ್ಯಾಗಿನಲ್ಲಿದ್ದ ಸಾಲ್ಸಾ ಹಾಡುಗಳಿಗೇ ಕುಣಿಸಿದ್ದರಿಂದ ಜುಂಬಾ ಹುಟ್ಟಿತಂತೆ. "ಆ ಪುಣ್ಯಾತ್ಮ ಬ್ಯಾಗ್ ಸರಿಯಾಗಿ ನೋಡಿಕೊಂಡು ಹೊರಟಿದ್ದರೆ..." ಎಂದು ಸದಸ್ಯರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

ತರಗತಿ ಮುಗಿದ ಮೇಲೆ ಪಕ್ಕದ ದರ್ಶಿನಿ. ಅರ್ಧ ಗಂಟೆ ಚುರುಕಾಗಿ ನಡೆದರೆ ಕರಗುವುದು ಹೆಚ್ಚುಕಡಿಮೆ 150 ಕ್ಯಾಲೊರಿ. ಬೆಣ್ಣೆ ಮಸಾಲೆ ಒಂದೇ ಅದರ ದುಪ್ಪಟ್ಟು ತೂಗುತ್ತದೆ. ಗೊತ್ತು, ಆ್ಯಪಿನಲ್ಲಿ ಇದೆ. ಆದ್ದರಿಂದ ಕಾಫಿಗೆ ಮಾತ್ರ ಸಕ್ಕರೆ ಬೇಡ.

ಶಿವರಾತ್ರಿ ಹೊತ್ತಿಗೆ ಮಂಡಿ ನೋವು, ಯುಗಾದಿಗೆ ನೆಂಟರು, ಏಪ್ರಿಲಿನಲ್ಲಿ ಮಕ್ಕಳ ರಜೆ. "ಸಾರ್, ಬರ್ತಿಲ್ವಲ್ಲ?" ಎಂದು ಟ್ರೇನರ್ ಫೋನ್ ಮಾಡಿದಾಗಲೆಲ್ಲ ಇವರು ಊರಲ್ಲಿಲ್ಲ. ಮೇಯಲ್ಲಿ ಸದಸ್ಯತ್ವ 'ಫ್ರೀಜ್' ಆಯಿತು. ಆಷಾಢದಲ್ಲಿ, 500 ರೂಪಾಯಿ ವರ್ಗಾವಣೆ ಶುಲ್ಕ ಕಟ್ಟಿ, ಉಳಿದ ತಿಂಗಳುಗಳನ್ನು ಹೆಂಡತಿಯ ತಮ್ಮನಿಗೆ ದಾಟಿಸಿದರು.

ಅವನು ಬೆಳಿಗ್ಗೆ ಆರಕ್ಕೆಲ್ಲ ಹಾಜರು, ಭಾನುವಾರವೂ ಬಾಗಿಲು ತೆಗೆದಿರುತ್ತಾರಾ ಎಂದು ವಿಚಾರಿಸುತ್ತಾನಂತೆ. ದಸರೆಗೆ ಮನೆಗೆ ಬಂದವನು ಸೊಂಟ ಇಳಿಸಿ, ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡಿದ್ದ. "ಭಾವ, ಒಳ್ಳೇ ಜಿಮ್ಮು ಕೊಡಿಸಿದ್ರಿ" ಎಂದು ಎರಡನೇ ಹೋಳಿಗೆ ಬೇಡವೆಂದ.

ಅವನು ಹೋದ ಮೇಲೆ ಸದಸ್ಯರು ಹೆಂಡತಿಯ ಹತ್ತಿರ ಗೊಣಗಿದರು: "ನಿನ್ನ ತಮ್ಮಂಗೆ ದಾಕ್ಷಿಣ್ಯವೇ ಇಲ್ಲ ಕಣೇ. ಬೇರೆಯವರ ದುಡ್ಡು ಅಂತ ದಿನಾ ಹೋಗೋದಾ?"