ಪಿಡಿಎಫ್ ಪುಚ್ಛ ಮೀಮಾಂಸೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಪಂಚ ತಾಲೂಕುಗಳಲ್ಲಿ ಆನ್‌ಲೈನ್ ಅರ್ಜಿಗೆ ಹಚ್ಚಿದ ಉತಾರ ತಿರಸ್ಕೃತವಾದರೆ ‘ಸರ್ವರ್ ಡೌನ್’ ಎಂದು ಕೈತೊಳೆದುಕೊಳ್ಳುವುದು ರೂಢಿ. ಇದು ಶಾಸ್ತ್ರಸಮ್ಮತವಲ್ಲ. ದೋಷವಿರುವುದು ಬಾಲದಲ್ಲಿ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ. ಅಡೋಬಿ ಕಂಪನಿ 1993ರಲ್ಲಿ ಹೊರತಂದ, 2008ರಲ್ಲಿ ಅಂತರರಾಷ್ಟ್ರೀಯ ಮಾನಕದ ಪಟ್ಟವೇರಿದ ಪಿಡಿಎಫ್ ಕಡತವನ್ನು ಯಂತ್ರ ಓದತೊಡಗುವುದೇ ತುದಿಯಿಂದ. ಒಳಗಿನ ಯಾವ ವಸ್ತು ಎಷ್ಟನೆಯ ಬೈಟಿನಲ್ಲಿದೆ ಎನ್ನುವ ಕೋಷ್ಟಕದ ವಿಳಾಸ ಅಲ್ಲಿರುತ್ತದೆ; ಅದರಡಿ ಎರಡು ಶೇಕಡಾ ಚಿಹ್ನೆ, ‘ಇಒಎಫ್’ ಎಂಬ ಮುಕ್ತಾಯಮುದ್ರೆ. ಡೌನ್‌ಲೋಡ್ ನಡುವೆ ನೆಟ್‌ವರ್ಕ್ ಹೋದರೆ ಕಡತಕ್ಕೆ ತಪ್ಪುವುದು ಇದೇ ಭಾಗ. ಹೆಸರಿನ ಬಾಲದ ಅವಸ್ಥೆ ಇನ್ನೂ ಶೋಚನೀಯ. ಮೊಬೈಲ್ ಫೋಟೋದ ‘ಜೆಪಿಜಿ’ ಕತ್ತರಿಸಿ ‘ಪಿಡಿಎಫ್’ ಕಸಿ ಮಾಡುವ ಶಸ್ತ್ರವೈದ್ಯರು ನಮ್ಮಲ್ಲಿ ವಿಪುಲ. ಆದರೆ ಕಡತದ ಮೊದಲ ಬೈಟುಗಳು ಇದು ಫೋಟೋ ಎಂದೇ ಸಾಕ್ಷಿ ನುಡಿಯುತ್ತವೆ. ಇ-ಆಧಾರಿನ ಬೀಗವೂ ಬಾಲವಿಲ್ಲದೆ ತೆರೆಯದು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅವುಗಳ ಹಿಂದೆ ಹುಟ್ಟಿದ ಇಸವಿ. ಬೀಗ ತೆಗೆದು ಹೊಸ ಪಿಡಿಎಫ್ ಆಗಿ ಪ್ರಿಂಟ್ ಕೊಡದೆ ಹಾಗೇ ಏರಿಸಿದರೆ ಪೋರ್ಟಲ್ ಇಸವಿ ಊಹಿಸುತ್ತ ಕೂರುವುದಿಲ್ಲ.

ಪೂರ್ವಪಕ್ಷಿಗಳು ಕೇಳಬಹುದು: ಬಾಲ ತುಂಡಾದ ಕಡತ ಮೊಬೈಲಿನಲ್ಲಿ ಚೆನ್ನಾಗಿಯೇ ತೆರೆಯುತ್ತದಲ್ಲ? ತೆರೆಯಬಹುದು. ಕೆಲವು ಆ್ಯಪ್‌ಗಳು ದಯಾಳುಗಳು. ಹರಿದ ಕೋಷ್ಟಕವನ್ನು ಗುಟ್ಟಾಗಿ ಹೊಲಿದುಕೊಂಡು ಪುಟ ತೋರಿಸುತ್ತವೆ. ಪೋರ್ಟಲ್ಲಿಗೆ ಆ ಕರುಣೆ ಇರಬೇಕೆಂದಿಲ್ಲ. ಎರಡನೆಯ ಆಕ್ಷೇಪ ಗಾತ್ರದ್ದು, ನಿಜಕ್ಕೂ ತೂಕದ್ದು: ಬಾಲವಿದ್ದರೂ ಕಡತ ದಪ್ಪವಾದರೆ ಪೋರ್ಟಲ್ ಒಲ್ಲೆನ್ನಬಹುದು. ಎ4 ಹಾಳೆಯನ್ನು 300 ಡಿಪಿಐಗೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ. ಬಣ್ಣವಾದರೆ ಚುಕ್ಕೆಗೆ 3 ಬೈಟು, ಕುಗ್ಗಿಸುವ ಮುನ್ನ 2.6 ಕೋಟಿ. ಕಪ್ಪಕ್ಷರದ ಉತಾರಕ್ಕೆ ಈ ವರ್ಣವೈಭವ ಯಾರಿಗಾಗಿಯೋ! ಬೂದುಬಣ್ಣ, 150 ಡಿಪಿಐ ಸಾಕು; ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗಾತ್ರಕ್ಕೆ ಬಾಲ ಹೊಣೆಯಲ್ಲವೆಂದು ಒಪ್ಪಿದ್ದೇನೆ. ಆದರೆ ಇಷ್ಟು ಮಾಡದವರು ಕಡತ ಕುಗ್ಗಿಸುವ ತಾಣಕ್ಕೆ ಹೋಗಿ, ಕುಗ್ಗಿದ್ದನ್ನು ಅರ್ಧ ಇಳಿಸಿಕೊಂಡು, ಕಡೆಗೆ ಬಾಲವಿಲ್ಲದ ಕಡತದೊಂದಿಗೇ ಮರಳುತ್ತಾರೆ.

ಇಷ್ಟಾಗಿಯೂ, ತಾಂತ್ರಿಕವಾಗಿ ನಿರ್ದೋಷಿಯಾದ ಕಡತ ತಿರಸ್ಕೃತವಾಗಬಹುದು. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲೂಕಿನಲ್ಲಿತ್ತು, ಕಾಗವಾಡ ಅಥಣಿಯಲ್ಲಿ. ಹಳೆಯ ದಾಖಲೆಯ ವಿಳಾಸದ ಬಾಲ ಒಂದು ತಾಲೂಕು, ಹೊಸದರದ್ದು ಇನ್ನೊಂದು. ಇದನ್ನು ಹಿಡಿಯುವುದು ಯಂತ್ರವಲ್ಲ, ಕಡತ ಪರಿಶೀಲಿಸುವ ಗುಮಾಸ್ತರು. ಮದ್ದು ತಹಶೀಲ್ದಾರ ಕಚೇರಿಯ ದೃಢೀಕರಣ. ಅದಕ್ಕೂ ಅರ್ಜಿ ಆನ್‌ಲೈನಿನಲ್ಲೇ; ಲಗತ್ತಿಸಬೇಕಾದದ್ದು, ಅದೇ ಹಳೆಯ ದಾಖಲೆಯ ಪಿಡಿಎಫ್.