ಒತ್ತುಶಾವಿಗೆ ಒರಳು: ಬಳಕೆದಾರರ ಕೈಪಿಡಿ

ಮೊದಲ ಮಾತು

ಬಿಕ್ಕೋಡಿನ ನಮ್ಮ ಮನೆಯ ಅಟ್ಟ ಇಳಿದು, ಗೋಣಿಚೀಲ ಹೊದ್ದು, ಬೇಲೂರಿನಲ್ಲಿ ಬಸ್ಸು ಹತ್ತಿ ಬೆಂಗಳೂರು ಸೇರಿರುವ ಈ ಯಂತ್ರವನ್ನು ಪಡೆದ ಬಳಕೆದಾರರಿಗೆ ಅಭಿನಂದನೆಗಳು. ಬಳಕೆದಾರರು ಎಂದರೆ ನನ್ನ ಅಣ್ಣನ ಮಗಳು. ಪ್ಯಾಕೆಟ್ಟಿನದು ಇನ್ನು ಏನೂ ಬೇಡ, ಎಲ್ಲ ಮನೆಯಲ್ಲೇ ಮಾಡ್ಕೊಂಡು ತಿಂತೀನಿ ಎಂದು ಯುಗಾದಿಯ ಹೋಳಿಗೆ ಮುಂದಿಟ್ಟುಕೊಂಡು ಶಪಥ ಮಾಡಿದವಳು. ಆ ಹೋಳಿಗೆ ಮಾಡಿದ್ದು ಅವಳಲ್ಲ ಎಂಬುದು ಬೇರೆ ಮಾತು. "ಅಜ್ಜಿ ಹೇಳೋದನ್ನ ಹಾಗೇ ಬರ್ದು ಕಳ್ಸಿ ಚಿಕ್ಕಪ್ಪ" ಎಂದಳು. ಬರೆದಿದ್ದೇನೆ.

ಅಡುಗೆಗೆ ಕೈಪಿಡಿ ಬರೆಯುವುದು ಕನ್ನಡದಲ್ಲಿ ಹೊಸದಲ್ಲ. 1508ರ ಸುಮಾರಿಗೆ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲೇ ಬರೆದ, ಹಿಟ್ಟಿನ ತಿಂಡಿಗಳಿಗೆಂದೇ ಪಿಷ್ಟಪಾಕ ಎಂಬ ಅಧ್ಯಾಯ ಇಟ್ಟ. ನಮ್ಮವ್ವನಿಗೆ ಷಟ್ಪದಿ ಬರುವುದಿಲ್ಲ. ಅವಳ ಶಾಸ್ತ್ರವೆಲ್ಲ ಒಂದೇ ಪದದಲ್ಲಿ ಮುಗಿಯುತ್ತದೆ: ಹದ.

ಬಿಡಿಭಾಗಗಳು

ಅ) ಮೂರು ಕಾಲಿನ ಕಬ್ಬಿಣದ ಚೌಕಟ್ಟು.
ಆ) ಹಿತ್ತಾಳೆಯ ಕೊಳವೆ.
ಇ) ತೂತಿನ ಬಿಲ್ಲೆ, ಎರಡು. ಸಣ್ಣ ತೂತಿನದು ನೆಂಟರು ಬಂದಾಗ, ದೊಡ್ಡದು ಕೈ ಸೋತಾಗ.
ಈ) ತಿರುಪು ಮತ್ತು ಅದರ ಹಿಡಿ.
ಉ) ಮನುಷ್ಯರು, ಮೂವರು. ಒಬ್ಬರು ಹಿಡಿ ತಿರುಗಿಸಲು, ಒಬ್ಬರು ಒರಳಿನ ಕಾಲು ಅದುಮಿ ಹಿಡಿಯಲು, ಒಬ್ಬರು ಕೆಳಗೆ ತಟ್ಟೆ ಒಡ್ಡಲು.
ಊ) ಏನೂ ಮಾಡದೆ ಮಣೆಯ ಮೇಲೆ ಕೂತು "ಹದ ಬಂದಿಲ್ಲ" ಎನ್ನುವವರು, ಒಬ್ಬರು.

ಗಮನಿಸಿ: ಉ ಮತ್ತು ಊ ಭಾಗಗಳು ಗೋಣಿಚೀಲದಲ್ಲಿ ಹಿಡಿಸಲಿಲ್ಲ.

ಅಕ್ಕಿ

ಹಳೆ ಅಕ್ಕಿಯೇ ಆಗಬೇಕು. ಹೊಸ ಅಕ್ಕಿಗೆ ಅಂಟು ಜಾಸ್ತಿ. ಎಳೆ ಎಳೆಯಾಗಿ ಇಳಿಯುವ ಬದಲು ಒಂದನ್ನೊಂದು ತಬ್ಬಿಕೊಳ್ಳುತ್ತದೆ. ಒಂದು ಸೇರು ಅಕ್ಕಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ರುಬ್ಬಿ. ನೀರು ಎಷ್ಟು ಎಂದು ಅವ್ವನನ್ನು ಕೇಳಿದೆ. "ಬೇಕಾದಷ್ಟು." ಬೇಕಾದಷ್ಟು ಅಂದ್ರೆ ಎಷ್ಟವ್ವ? "ಸಾಕಾಗೋವಷ್ಟು." ಕೈಪಿಡಿಯಲ್ಲಿ ಎರಡೂ ಅಳತೆಗಳನ್ನು ದಾಖಲಿಸಲಾಗಿದೆ.

ಚಾಲನೆ

ರುಬ್ಬಿದ್ದನ್ನು ದಪ್ಪ ತಳದ ಪಾತ್ರೆಗೆ ಸುರಿದು, ಉಪ್ಪು, ಒಂದು ಚಮಚ ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕೆದಕಿ. ಹಿಟ್ಟು ಮೊದಲು ಗಂಜಿಯಂತೆ, ಆಮೇಲೆ ಗಂಟುಗಂಟಾಗಿ, ಕೊನೆಗೆ ಪಾತ್ರೆಯ ಅಂಚು ಬಿಟ್ಟು ಕೋಲಿಗೆ ಸುತ್ತಿಕೊಳ್ಳುತ್ತದೆ. ನಡುವಿನ ಗಂಟಿನ ಹಂತದಲ್ಲಿ ಎಲ್ಲರಿಗೂ ಕೆಟ್ಟೇಹೋಯಿತು ಅನಿಸುತ್ತದೆ. ಅಲ್ಲಿ ನಿಲ್ಲಿಸಿದವರು ಕೆಟ್ಟರು.

ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ, ಕುದಿಯುವ ನೀರಿಗೆ ಬಿಡಿ. ಮೊದಲು ಮುಳುಗುತ್ತವೆ. ಬೆಂದ ಉಂಡೆ ತಾನಾಗಿ ತೇಲಿ ಬರುತ್ತದೆ. ಅವ್ವ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತುತ್ತಾಳೆ. ಬೆರಳಿಗೆ ಅಂಟದೆ ಗುಳಿ ಮಾತ್ರ ಬಿದ್ದರೆ ತಲೆ ಅಲ್ಲಾಡಿಸುತ್ತಾಳೆ. ನೀವು ಹೆಬ್ಬೆರಳು ಇಡಬೇಡಿ, ಸುಡುತ್ತದೆ. ಅವಳದು ಅರವತ್ತು ವರ್ಷ ಸುಟ್ಟ ಬೆರಳು.

ಇನ್ನು ಓಡಿ. ಬಿಸಿಯಲ್ಲಿ ನೀರು ಹೀರಿ ಉಬ್ಬಿದ ಅಕ್ಕಿಯ ಪಿಷ್ಟ ಆರುತ್ತ ಆರುತ್ತ ಮತ್ತೆ ಬಿಗಿಯುತ್ತದೆ. ಬೇಲೂರು ಗುಡಿಯ ಬಳಪದ ಕಲ್ಲೂ ಇದೇ ಜಾತಿ: ನೆಲದಿಂದ ಎತ್ತಿದಾಗ ಮೆತ್ತಗೆ, ಗಾಳಿಗೆ ಬಿದ್ದಂತೆ ಗಟ್ಟಿ. ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು, ಅದಕ್ಕೇ 1117ರ ಗುಡಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರುವವರೆಗೂ ನಿಂತಿತು. ಶಿಲ್ಪಿಗಳಿಗೆ ಪುರುಸೊತ್ತಿತ್ತು. ನಿಮಗೆ ಐದು ನಿಮಿಷ.

ಉಂಡೆಯನ್ನು ಕೊಳವೆಗೆ ತುಂಬಿ, ತಿರುಗಿಸಿ. ತಟ್ಟೆ ಒಡ್ಡಿದವರು ಕೈಯನ್ನು ನಿಧಾನಕ್ಕೆ ಸುತ್ತು ಆಡಿಸಬೇಕು. ಆಗ ಎಳೆಗಳು ಸಿಂಬೆಯಂತೆ ಕೂರುತ್ತವೆ. ಆಡಿಸದಿದ್ದರೆ ರಾಶಿ ಬೀಳುತ್ತವೆ. ರುಚಿ ಅದೇ, ಮರ್ಯಾದೆ ಬೇರೆ.

ಸೂಕ್ತ ದಿನ

ನಮ್ಮ ಕಡೆ ಇದಕ್ಕೆ ಪಂಚಾಂಗ ಬೇಡ. ಕಾಫಿ ತೋಟಕ್ಕೆ ಕಾಡಾನೆ ನುಗ್ಗಿದೆ ಎಂದು ರಾತ್ರಿ ಮೊಬೈಲಿಗೆ ಸಂದೇಶ ಬಂದರೆ ಮಾರನೆಯ ದಿನ ಯಾರೂ ತೋಟಕ್ಕೆ ಇಳಿಯುವಂತಿಲ್ಲ. ಉ ಭಾಗದ ಮೂವರೂ ಮನೆಯಲ್ಲೇ ಸಿಗುತ್ತಾರೆ. ಅವ್ವ ಸಂದೇಶ ಕೇಳಿದ ತಕ್ಷಣ "ಅಕ್ಕಿ ನೆನೆಹಾಕ್ರೋ" ಎನ್ನುತ್ತಾಳೆ. ಬೆಂಗಳೂರಿನಲ್ಲಿ ಆನೆಯ ಬದಲು ಭಾನುವಾರ ಬಳಸಬಹುದು.

ದೋಷ ಮತ್ತು ಪರಿಹಾರ

ಎಳೆ ತುಂಡಾಗುತ್ತಿದೆ: ಹಿಟ್ಟು ಬೆಂದಿಲ್ಲ. ಉಂಡೆ ಮತ್ತೆ ನೀರಿಗೆ.

ಎಳೆಗಳು ಅಂಟಿ ಮುದ್ದೆಯಾಗಿವೆ: ಹೊಸ ಅಕ್ಕಿ. ಮುದ್ದೆ ಎಂದೇ ಹೇಳಿ ಬಡಿಸಿ.

ತಿರುಪು ತಿರುಗುತ್ತಿಲ್ಲ: ಹಿಟ್ಟು ಆರಿದೆ. ತಿರುಗಿಸುವವರ ಕೈಯಿಂದ ಮೊಬೈಲು ಕಿತ್ತುಕೊಳ್ಳಿ.

ತಿರುಪಿನ ಬದಲು ಒರಳೇ ತಿರುಗುತ್ತಿದೆ: ಕಾಲು ಹಿಡಿಯುವವರಿಲ್ಲ. ಒರಳಿನ ಕಾಲು ಹಿಡಿಸಬೇಕಾದರೆ ಮೊದಲು ಯಾರದಾದರೂ ಕಾಲು ಹಿಡಿಯಬೇಕು. ಬೇರೆ ದಾರಿ ಇಲ್ಲ.

ಶಾವಿಗೆ ಮಿಕ್ಕಿದೆ: ಮಿಕ್ಕುವುದಿಲ್ಲ. ಒಂದು ಪಾಲು ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲಿಗೆ, ಒಂದು ಪಾಲು ನಾಟಿಕೋಳಿ ಸಾರಿಗೆ. ಆದರೂ ಮಿಕ್ಕರೆ ಬೆಳಿಗ್ಗೆ ಒಗ್ಗರಣೆ ಹಾಕಿ ನಿಂಬೆಹಣ್ಣು ಹಿಂಡಿ.

ಖಾತರಿ

ಕಬ್ಬಿಣಕ್ಕೂ ಹಿತ್ತಾಳೆಗೂ ಜೀವಮಾನದ ಖಾತರಿ ಇದೆ. ಯಾರ ಜೀವಮಾನ ಎಂದು ಅವ್ವ ಹೇಳಿಲ್ಲ.

ಎರಡನೇ ಮುದ್ರಣದ ತಿದ್ದುಪಡಿ

ಕಳೆದ ಭಾನುವಾರ ಬಳಕೆದಾರರ ಫೋನು ಬಂತು. ಒಬ್ಬಳೇ ಒತ್ತಲು ಕೂತಿದ್ದಾಳೆ. ಒರಳು ಟೈಲ್ಸಿನ ಮೇಲೆ ಗರಗರ ತಿರುಗಿದೆ. ಕೆಳಗಿನ ಮನೆಯವರು ಮೇಲೆ ಹತ್ತಿ ಬಂದು, ಭಾನುವಾರವೂ ನಿದ್ದೆ ಮಾಡೋಕೆ ಬಿಡಲ್ವಾ ಎಂದು ಬಾಗಿಲಲ್ಲಿ ನಿಂತಿದ್ದಾರೆ. ಇವಳು, "ಆಂಟಿ, ಹಿಟ್ಟು ಆರ್ತಿದೆ, ಒಂದ್ನಿಮಿಷ ಇದರ ಕಾಲು ಹಿಡ್ಕೊಳ್ಳಿ" ಎಂದಿದ್ದಾಳೆ. ಆಕೆ ಒಳಗೆ ಬಂದು, ಸೀರೆ ಸಿಕ್ಕಿಸಿ ಕೂತು, ಉಂಡೆಯೊಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿ, "ಹದ ಬಂದಿಲ್ವಲ್ಲಮ್ಮ" ಎಂದರಂತೆ.

ಆದ್ದರಿಂದ ಬಿಡಿಭಾಗಗಳ ಪಟ್ಟಿಯಲ್ಲಿ ಉ ಮತ್ತು ಊ ಎದುರಿಗೆ ಹೀಗೆ ಸೇರಿಸಿಕೊಳ್ಳಿ: ಸ್ಥಳೀಯವಾಗಿ ದೊರೆಯುತ್ತವೆ. ಸದ್ದು ಮಾಡಬೇಕು.